ಹನ್ನೊಂದು ಅಂಕಿಗಳ ಹಾರ

ರಾಯಚೂರು ಜಿಲ್ಲೆಯ ಅರಕೇರಾದಲ್ಲಿ ನಾನು ಗಣಿತ ಹೇಳುತ್ತಿದ್ದ ದಿನಗಳಲ್ಲಿ ಒಮ್ಮೆ ಕರಿಹಲಗೆಯ ಮೇಲೆ ಒಂದು ಸಂಖ್ಯೆಯನ್ನು ಬರೆದೆ: 12345654321. ಮಧ್ಯಾಹ್ನದ ಊಟ ಮುಗಿದು ಬಂದ ಮಕ್ಕಳು. ಹೊರಗೆ ಹೊಲಗಳಲ್ಲಿ ಹತ್ತಿ ಬಿಡಿಸುವ ಕೆಲಸ ನಡೆದಿತ್ತು. ತರಗತಿಯಲ್ಲಿ ಅರ್ಧದಷ್ಟು ಕಣ್ಣುಗಳು ಕಿಟಕಿಯ ಕಡೆಗೇ ಇದ್ದುವು. "ಇದನ್ನು ಓದಿರಿ" ಎಂದೆ.

ಮುಂದಿನ ಸಾಲಿನ ಹುಡುಗನೊಬ್ಬ ಎದ್ದು "ಒಂದು, ಎರಡು, ಮೂರು, ನಾಕು..." ಎಂದು ಆರರವರೆಗೆ ಏರಿ, ಮತ್ತೆ ಒಂದರವರೆಗೆ ಇಳಿದು ಕುಳಿತ. ಎಲ್ಲರೂ ನಕ್ಕರು. ಅವನು ಹೇಳಿದ್ದು ತಪ್ಪಲ್ಲ. ಆದರೆ ಅವನು ಓದಿದ್ದು ಅಂಕಿಗಳನ್ನು, ಸಂಖ್ಯೆಯನ್ನಲ್ಲ. ಅಂಕಿಗಳು ಬೇರೆ, ಸಂಖ್ಯೆ ಬೇರೆ. ಅಕ್ಷರಗಳನ್ನು ಒಂದೊಂದಾಗಿ ಹೇಳಿದ ಮಾತ್ರಕ್ಕೆ ಪದವನ್ನು ಓದಿದಂತಾಗುವುದಿಲ್ಲವಷ್ಟೆ?

ಬಲಗಡೆಯಿಂದ ಮೊದಲು ಮೂರು ಸ್ಥಾನ, ಆಮೇಲೆ ಎರಡು, ಮತ್ತೆ ಎರಡು ಎಂದು ಬಿಡಿಸಿದರೆ ಈ ಸಂಖ್ಯೆ ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು ಆಗುತ್ತದೆ. ಇದು ಎಷ್ಟು ದೊಡ್ಡದೆಂದು ತಿಳಿಯಬೇಕಾದರೆ ಹೀಗೆ ಯೋಚಿಸಿರಿ. ಒಬ್ಬನು ಸೆಕೆಂಡಿಗೆ ಒಂದರಂತೆ, ಉಣ್ಣದೆ, ಮಲಗದೆ, ಹಗಲಿರುಳೂ ಎಣಿಸುತ್ತ ಹೋದನೆನ್ನಿ. ಈ ಸಂಖ್ಯೆಯನ್ನು ತಲುಪಲು ಅವನಿಗೆ 391 ವರ್ಷಗಳಿಗೂ ಹೆಚ್ಚು ಕಾಲ ಬೇಕು. ಎಣಿಸಿ ಮುಟ್ಟಲಾಗದ ಇಂಥ ಸಂಖ್ಯೆಯ ಗುಣಗಳನ್ನು ನಾವು ಒಂದು ತರಗತಿಯ ಅವಧಿಯಲ್ಲಿ, ಒಂದು ಸೀಮೆಸುಣ್ಣದ ತುಂಡಿನಿಂದ ಅರಿಯಬಲ್ಲೆವು.

ಈ ಸಂಖ್ಯೆಯನ್ನು ನಾನು ಕಲ್ಪಿಸಿದ್ದಲ್ಲ. ಸುಮಾರು 850ರ ಹೊತ್ತಿಗೆ ಇದು ಕನ್ನಡ ನಾಡಿನ ಒಂದು ಗ್ರಂಥದಲ್ಲಿ ಕಾಣಿಸಿಕೊಂಡಿತು. ಗ್ರಂಥದ ಹೆಸರು 'ಗಣಿತಸಾರಸಂಗ್ರಹ', ಬರೆದವನು ಮಹಾವೀರಾಚಾರ್ಯ. ಭಾಷೆ ಸಂಸ್ಕೃತ. ಜೈನಧರ್ಮೀಯನಾದ ಈ ಆಚಾರ್ಯನು ಗ್ರಂಥದ ಆರಂಭದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿದ್ದಾನೆ. ನೃಪತುಂಗನೆಂದರೆ ನಿಮಗೆ ಅಪರಿಚಿತನಲ್ಲ. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥವಾದ 'ಕವಿರಾಜಮಾರ್ಗ'ವು ಅವನ ಆಸ್ಥಾನದಲ್ಲಿಯೇ ಹುಟ್ಟಿತು. ಕಾವ್ಯಕ್ಕೆ ಲಕ್ಷಣ ಹೇಳುವ ಗ್ರಂಥವೂ ಲೆಕ್ಕಕ್ಕೆ ಲಕ್ಷಣ ಹೇಳುವ ಗ್ರಂಥವೂ ಒಬ್ಬನೇ ಅರಸನ ಕಾಲದಲ್ಲಿ ಬಂದುವೆಂಬುದನ್ನು ನಾವು ಅಷ್ಟಾಗಿ ಜ್ಞಾಪಿಸಿಕೊಳ್ಳುವುದಿಲ್ಲ. ಮೊದಲನೆಯದರ ಹೆಸರನ್ನು ಬಾಯಿಪಾಠ ಮಾಡುತ್ತೇವೆ, ಎರಡನೆಯದನ್ನು ಮರೆಯುತ್ತೇವೆ.

ಆ ಅರಸನ ರಾಜಧಾನಿ ಮಾನ್ಯಖೇಟ. ಅದೇ ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡ. ಅರಕೇರಾದಿಂದ ಹೊರಟು, ಕೃಷ್ಣೆಯನ್ನು ದಾಟಿ, ಯಾದಗಿರಿಯ ಬಳಿ ಭೀಮೆಯನ್ನು ದಾಟಿ ಮುಂದಕ್ಕೆ ಹೋದರೆ ಕಾಗಿಣಾ ನದಿಯ ದಂಡೆಯ ಮೇಲೆ ಕೋಟೆಯ ಅವಶೇಷವೂ ನೇಮಿನಾಥ ಬಸದಿಯೂ ಕಾಣುತ್ತವೆ. ಇಂದು ಅದು ಒಂದು ಸಾಧಾರಣ ಊರು. ನನ್ನ ತರಗತಿಯ ಕೆಲವು ಮಕ್ಕಳು ಬಂಧುಗಳ ಮನೆಗೆ ಹೋಗುವಾಗ ಆ ದಾರಿಯಲ್ಲಿ ಬಸ್ಸಿನಲ್ಲಿ ಕುಳಿತು ಹೋದವರೇ. ಅಲ್ಲಿಂದ ಆಳಿದ ಅರಸನ ಹೆಸರು ಒಂದು ಗಣಿತ ಗ್ರಂಥದ ಮೊದಲ ಪುಟಗಳಲ್ಲಿ ಇದೆಯೆಂದು ಕೇಳಿದ ಮೇಲೆ ಕಿಟಕಿಯ ಕಡೆಗಿದ್ದ ಕಣ್ಣುಗಳು ಹಲಗೆಯ ಕಡೆಗೆ ತಿರುಗಿದುವು.

ಮಹಾವೀರನು ಸಂಖ್ಯೆಗಳನ್ನು ಹೆಸರಿಸಲು ಇಪ್ಪತ್ತನಾಲ್ಕು ಸ್ಥಾನಗಳನ್ನು ಹೇಳಿದ್ದಾನೆ. ಏಕ, ದಶ, ಶತ, ಸಹಸ್ರ, ದಶಸಹಸ್ರ, ಲಕ್ಷ, ದಶಲಕ್ಷ, ಕೋಟಿ, ದಶಕೋಟಿ, ಶತಕೋಟಿ, ಹನ್ನೊಂದನೆಯದು ಅರ್ಬುದ. ಅಲ್ಲಿಂದ ಮೇಲೆ ನ್ಯರ್ಬುದ, ಖರ್ವ, ಪದ್ಮ, ಶಂಖ ಮೊದಲಾದ ಹೆಸರುಗಳ ಮೂಲಕ ಏರಿ, ಇಪ್ಪತ್ತನಾಲ್ಕನೆಯ ಸ್ಥಾನವಾದ ಮಹಾಕ್ಷೋಭದಲ್ಲಿ ಪಟ್ಟಿ ನಿಲ್ಲುತ್ತದೆ. ನಮ್ಮ ಸಂಖ್ಯೆಗೆ ಹನ್ನೊಂದು ಅಂಕಿಗಳು. ಆದುದರಿಂದ ಮಹಾವೀರನ ಲೆಕ್ಕದಲ್ಲಿ ಅದು ಒಂದು ಅರ್ಬುದದಿಂದ ಆರಂಭವಾಗುತ್ತದೆ. ಎರಡು ಶತಕೋಟಿ, ಮೂರು ದಶಕೋಟಿ, ನಾಲ್ಕು ಕೋಟಿ, ಐದು ದಶಲಕ್ಷ ಎಂದು ಏರಿ, ಆರು ಲಕ್ಷದಲ್ಲಿ ಶಿಖರ ಮುಟ್ಟಿ, ಅಲ್ಲಿಂದ ಇಳಿದು ಒಂದಕ್ಕೆ ಬರುತ್ತದೆ. ಆದರೆ ಆಚಾರ್ಯನು ಇಷ್ಟು ದೀರ್ಘವಾಗಿ ಹೇಳುವ ಗೋಜಿಗೇ ಹೋಗಲಿಲ್ಲ. ಒಂದರಿಂದ ಮೊದಲಾಗಿ ಆರರವರೆಗೆ ಬೆಳೆದು, ಆಮೇಲೆ ಕ್ರಮವಾಗಿ ಕಡಮೆಯಾಗುವುದು ಎಂಬರ್ಥದ ನಾಲ್ಕಾರು ಅಕ್ಷರಗಳಲ್ಲಿ ಇಡೀ ಸಂಖ್ಯೆಯನ್ನು ಹಿಡಿದುಬಿಟ್ಟ. ಸಾವಿರಾರು ಕೋಟಿಯ ಸಂಖ್ಯೆಯನ್ನು ಒಂದು ಮಗುವೂ ಮರೆಯಲಾರದಂತೆ ಹೇಳುವುದು ಸಾಮಾನ್ಯ ಜಾಣ್ಮೆಯಲ್ಲ.

ಗುಣಾಕಾರವನ್ನು ಕಲಿಸುವ ಭಾಗದಲ್ಲಿ ಅವನು ಇಂಥ ಕೆಲವು ಗುಣಲಬ್ಧಗಳನ್ನು ಕೊಟ್ಟಿದ್ದಾನೆ. ಅವುಗಳನ್ನು ಕಂಠಾಭರಣಗಳು, ಎಂದರೆ ಕೊರಳ ಹಾರಗಳು, ಎಂದು ಕರೆದಿದ್ದಾನೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ 11111111. 12345679ನ್ನು 9ರಿಂದ ಗುಣಿಸಿದರೆ 111111111. 142857143ನ್ನು 7ರಿಂದ ಗುಣಿಸಿದರೆ 1000000001. ಕೊನೆಯದನ್ನು ನೋಡಿರಿ: ಎರಡು ತುದಿಗಳಲ್ಲಿ ಒಂದೊಂದು ಮಣಿ, ನಡುವೆ ಬರಿಯ ದಾರ! ಈ ಎಲ್ಲ ಗುಣಲಬ್ಧಗಳನ್ನೂ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಕೊರಳ ಹಾರವನ್ನು ತಿರುಗಿಸಿ ಹಾಕಿಕೊಂಡರೆ ಏನು ವ್ಯತ್ಯಾಸ?

ನಮ್ಮ 12345654321 ಹುಟ್ಟುವುದು 27994681ನ್ನು 441ರಿಂದ ಗುಣಿಸಿದಾಗ. "ಈಗ ನೀವೇ ಗುಣಿಸಿರಿ" ಎಂದು ಹೇಳಿ, ಗುಣ್ಯವನ್ನೂ ಗುಣಕವನ್ನೂ ಹಲಗೆಯ ಮೇಲೆ ಬರೆದು ನಾನು ಹಾಜರಿ ಪುಸ್ತಕವನ್ನು ತಿರುವಹತ್ತಿದೆ. ಐದು ನಿಮಿಷ ಕಳೆಯಿತು. ಹಿಂದಿನ ಸಾಲಿನಿಂದ ಒಬ್ಬ ಹುಡುಗಿಯ ದನಿ ಕೇಳಿಸಿತು.

"ಸರ್, ಹಾರ ಹರದದ್ರಿ."

ಅವಳ ಪುಸ್ತಕವನ್ನು ತರಿಸಿ ನೋಡಿದೆ. ಉತ್ತರ 12345733701. ಐದು ಅಂಕಿಗಳವರೆಗೆ ಹಾರ ಸರಿಯಾಗಿ ಬಂದು, ಅಲ್ಲಿಂದ ಮುಂದೆ ಮಣಿಗಳು ಚೆಲ್ಲಿ ಹೋಗಿದ್ದುವು. "ಎಲ್ಲಿಯೋ ತಪ್ಪಿದ್ದೀ, ಮತ್ತೊಮ್ಮೆ ಮಾಡು" ಎಂದೆ. ಅವಳು ಮರಳಿ ಮಾಡಿದಳು, ಅದೇ ಉತ್ತರ. ಪಕ್ಕದವಳದೂ ಅದೇ. ಇಡೀ ತರಗತಿಯದೇ ಅದು. ಆಗ ನಾನು ನನ್ನ ಕೈಬರಹದ ಕಡೆಗೆ ತಿರುಗಿದೆ. 27994681 ಎಂದು ಬರೆಯಬೇಕಾದಲ್ಲಿ 27994861 ಎಂದು ಬರೆದಿದ್ದೆ. 6 ಮತ್ತು 8 ಅದಲುಬದಲಾಗಿದ್ದುವು. ಮಕ್ಕಳ ಗುಣಾಕಾರದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ತಪ್ಪು ನಕಲು ಮಾಡಿದವನದು.

ಅಂದಿನ ಪಾಠ ಈ ತಪ್ಪಿನಿಂದಲೇ ಬೆಳೆಯಿತು. ಲೆಕ್ಕವನ್ನು ಪರೀಕ್ಷಿಸಲು ಒಂಬತ್ತನ್ನು ತೆಗೆದುಹಾಕುವ ಕ್ರಮವೊಂದುಂಟು. ಸಂಖ್ಯೆಯ ಅಂಕಿಗಳನ್ನೆಲ್ಲ ಕೂಡಿಸಿ, ಬಂದ ಮೊತ್ತದ ಅಂಕಿಗಳನ್ನು ಮತ್ತೆ ಕೂಡಿಸಿ, ಒಂದೇ ಅಂಕಿ ಉಳಿಯುವವರೆಗೆ ಹೀಗೆ ಮಾಡಬೇಕು. ಉಳಿದದ್ದು ಒಂಬತ್ತಾದರೆ ಅದನ್ನು ಸೊನ್ನೆಯೆಂದೇ ಎಣಿಸಬೇಕು. ಗುಣ್ಯ, ಗುಣಕಗಳಲ್ಲಿ ಉಳಿದ ಅಂಕಿಗಳನ್ನು ಗುಣಿಸಿದರೆ ಗುಣಲಬ್ಧದಲ್ಲಿ ಉಳಿದ ಅಂಕಿಯೇ ಬರಬೇಕು; ಬಾರದಿದ್ದರೆ ಲೆಕ್ಕ ತಪ್ಪು. ಆದರೆ ಎರಡು ಅಂಕಿಗಳು ಸ್ಥಳ ಬದಲಿಸಿದರೆ ಅಂಕಿಗಳ ಮೊತ್ತ ಬದಲಾಗುವುದಿಲ್ಲ. 6 ಮತ್ತು 8ನ್ನು ಕೂಡಿಸಿದರೂ 14, 8 ಮತ್ತು 6ನ್ನು ಕೂಡಿಸಿದರೂ 14. ಆದುದರಿಂದ ನನ್ನ ತಪ್ಪು ಈ ಪರೀಕ್ಷೆಗೆ ಕಾಣುವಂತಿರಲಿಲ್ಲ. ಅದನ್ನು ಹಿಡಿದುಕೊಟ್ಟದ್ದು ಹಾರ. ಬರಬೇಕಾದ ಉತ್ತರದ ಆಕಾರ ಆ ಹುಡುಗಿಗೆ ಮೊದಲೇ ಗೊತ್ತಿತ್ತು. ಆಕಾರ ಕೆಟ್ಟುದನ್ನು ಅವಳ ಕಣ್ಣು ಕೂಡಲೇ ಗುರುತಿಸಿತು.

ಮಹಾವೀರನ ಗ್ರಂಥವು ಶತಮಾನಗಳ ಕಾಲ ಕೈಯಿಂದ ಕೈಗೆ ನಕಲಾಗಿ ಬಂದದ್ದು. ಮದರಾಸಿನಲ್ಲಿ ಪ್ರಾಧ್ಯಾಪಕರಾಗಿದ್ದ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದ್ದು 1912ರಲ್ಲಿ. ಅವರು ನೋಡಿದ ಪ್ರತಿಗಳಲ್ಲಿ ಕನ್ನಡ ಲಿಪಿಯ ಓಲೆಗರಿಗಳೂ ಇದ್ದುವು. ಅದಕ್ಕೆ ಮುಂಚಿನ ಒಂದು ಸಾವಿರ ವರ್ಷಗಳಲ್ಲಿ ಎಷ್ಟು ಲಿಪಿಕಾರರು, ಎಷ್ಟು ದೀಪಗಳ ಮುಂದೆ ಕುಳಿತು, ಕಂಠದಿಂದ ಗರಿಯ ಮೇಲೆ ಗೀಚಿದರೋ! ಗಣಿತ ಬಾರದ ಲಿಪಿಕಾರನೂ ಅವರಲ್ಲಿ ಇದ್ದಿರಬೇಕು. ಪಾಠಮಾಡುವ ನಾನೇ ಐದು ನಿಮಿಷದಲ್ಲಿ ತಪ್ಪಿದೆನೆಂದ ಮೇಲೆ ಅವನನ್ನು ದೂರುವುದು ಹೇಗೆ?

ಹಿಂದಿನವರು ಪದ್ಯಗಳಲ್ಲಿ ಅಂಕಿಗಳನ್ನು ಅನೇಕ ವೇಳೆ ವಸ್ತುಗಳ ಹೆಸರಿನಿಂದ ಸೂಚಿಸುತ್ತಿದ್ದರು. ಚಂದ್ರನೊಬ್ಬನೇ ಆದುದರಿಂದ ಚಂದ್ರ ಎಂದರೆ 1, ನೇತ್ರ ಎಂದರೆ 2, ಅಗ್ನಿ 3, ಸಮುದ್ರ 4, ಮನ್ಮಥನ ಬಾಣಗಳು 5, ಋತುಗಳು 6, ಆಕಾಶ ಎಂದರೆ ಸೊನ್ನೆ. ಒಂದೊಂದಕ್ಕೂ ಹಲವು ಪರ್ಯಾಯಪದಗಳಿದ್ದುದರಿಂದ ಯಾವ ಸಂಖ್ಯೆಯನ್ನಾದರೂ ಛಂದಸ್ಸಿಗೆ ಹೊಂದಿಸಬಹುದಾಗಿತ್ತು. ನಮ್ಮ ಸಂಖ್ಯೆಯನ್ನು ಈ ಬಗೆಯಲ್ಲಿ ಹೇಳಿದರೆ ಚಂದ್ರ, ನೇತ್ರ, ಅಗ್ನಿ, ಸಮುದ್ರ, ಬಾಣ, ಋತು, ಬಾಣ, ಸಮುದ್ರ, ಅಗ್ನಿ, ನೇತ್ರ, ಚಂದ್ರ ಎಂದಾಗುತ್ತದೆ. ಇಂಥ ಪದಗಳನ್ನು ಬಿಡಿಸ್ಥಾನದಿಂದ ಆರಂಭಿಸಿ ಎಡಕ್ಕೆ ಬರೆಯುತ್ತ ಹೋಗಬೇಕೆಂಬುದು ರೂಢಿ. ನಾವು ಓದುವುದಾದರೋ ಎಡದಿಂದ ಬಲಕ್ಕೆ. ಹೊಸಬನಿಗೆ ಇಲ್ಲಿ ಎಡವಟ್ಟಾಗುವುದು ಸಹಜ. ಹಾರದ ಸಂಖ್ಯೆಯಲ್ಲಿ ಮಾತ್ರ ಯಾವ ದಿಕ್ಕಿನಿಂದ ಹೊರಟರೂ ದಾರಿ ತಪ್ಪುವುದಿಲ್ಲ.

ನನಗೆ ತೋರುವ ಮಾತೊಂದನ್ನು ಇಲ್ಲಿ ಹೇಳುತ್ತೇನೆ. ಲಿಪಿಕಾರನು ಒಂದು ಪದವನ್ನು ಬಿಟ್ಟುಬಿಟ್ಟರೆ ಛಂದಸ್ಸು ಕೆಡುತ್ತದೆ; ಓದುವವನ ಕಿವಿಗೆ ಅದು ತಿಳಿಯುತ್ತದೆ. ಸಮಾನ ಮಾತ್ರೆಯ ಎರಡು ಪದಗಳು ಅದಲುಬದಲಾದರೆ ಛಂದಸ್ಸು ಕೆಡದು, ಕಿವಿಗೆ ತಿಳಿಯದು. ಆಗ ಗುಣಿಸಿ ನೋಡಬೇಕು. ಹಾರ ಕೂಡಿಬಂದರೆ ಪಾಠ ಸರಿ, ಹರಿದರೆ ಪಾಠ ತಪ್ಪು. ಮಹಾವೀರನು ಇದನ್ನು ಉದ್ದೇಶಿಸಿಯೇ ಹಾರಗಳನ್ನು ಪೋಣಿಸಿದನೆಂದು ನಾನು ಹೇಳಲಾರೆ. ಮಕ್ಕಳಿಗೆ ಗುಣಾಕಾರದಲ್ಲಿ ರುಚಿ ಹುಟ್ಟಲೆಂದು ಅವನು ಹೀಗೆ ಮಾಡಿರಬಹುದು. ಪಾಠಮಾಡುವವನ ಮನಸ್ಸು ಅವನದು. ಅವನು ಎಲ್ಲಿಯೂ ತಪ್ಪದವನೆಂದು ಭಾವಿಸಬೇಡಿರಿ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಆ ಸಂಖ್ಯೆ ಬದಲಾಗುವುದಿಲ್ಲವೆಂದು ಅವನು ಬರೆದಿದ್ದಾನೆ, ಅದು ಸರಿಯಲ್ಲ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಅವನೇ ಸ್ಪಷ್ಟವಾಗಿ ಹೇಳಿದ್ದಾನೆ. ನೀವು ಇಂದು ಕಲಿಯುತ್ತಿರುವ ಸಂಖ್ಯೆಗಳ ಮಟ್ಟಿಗೆ ಅದು ಸರಿ.

ನಾನು ಹಲಗೆಯನ್ನು ಒರೆಸಿ, ಸರಿಯಾದ ಸಂಖ್ಯೆಯನ್ನು ಬರೆದೆ. 27994681ರ ಒಂದರಷ್ಟು 27994681, ನಲವತ್ತರಷ್ಟು 1119787240, ನಾನೂರರಷ್ಟು 11197872400. ಮೂರನ್ನೂ ಕೂಡಿಸಿದಾಗ 12345654321 ಬಂದಿತು. ತರಗತಿಯಲ್ಲಿ ಒಂದು ಬಗೆಯ ನೆಮ್ಮದಿಯ ಸದ್ದು ಎದ್ದಿತು. ಆದರೆ ಹಾರ ಹೇಗೆ ಬಂದಿತೆಂಬುದು ಇದರಿಂದ ತಿಳಿಯಲಿಲ್ಲ. 27994681ರ ಮುಖವನ್ನು ಎಷ್ಟು ನೋಡಿದರೂ ಅದರೊಳಗೆ ಇಂಥ ಚೆಲುವಿದೆಯೆಂದು ಹೇಳುವಂತಿಲ್ಲ. ಆದುದರಿಂದ ಎರಡು ಸಂಖ್ಯೆಗಳನ್ನೂ ಒಡೆದು ನೋಡಬೇಕು.

441 ಸುಲಭ: ಅದು 21ರ ವರ್ಗ, ಎಂದರೆ 3 ಮತ್ತು 7ರ ವರ್ಗಗಳ ಗುಣಲಬ್ಧ. 27994681 ಕೂಡ ವರ್ಗವೇ. ಅದರ ವರ್ಗಮೂಲ 5291. ಈ 5291 ಎಂಬುದು 11, 13, 37 ಎಂಬ ಮೂರು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಒಂದು ವರ್ಗವನ್ನು ಮತ್ತೊಂದು ವರ್ಗದಿಂದ ಗುಣಿಸಿದರೆ ವರ್ಗವೇ ಬರಬೇಕು. 5291ನ್ನು 21ರಿಂದ ಗುಣಿಸಿರಿ. ಉತ್ತರ 111111!

ಗುಟ್ಟು ಇಲ್ಲಿದೆ. 12345654321 ಎಂದರೆ ಆರು ಒಂದುಗಳನ್ನು ಸಾಲಾಗಿ ಬರೆದ 111111ರ ವರ್ಗ. ಆಚಾರ್ಯನ ಗುಣ್ಯ, ಗುಣಕಗಳಲ್ಲಿ ಆ ಆರು ಒಂದುಗಳು ಕಾಣದಂತೆ ಹಂಚಿಹೋಗಿವೆ. 3 ಮತ್ತು 7 ಒಂದು ಕಡೆ. 11, 13, 37 ಇನ್ನೊಂದು ಕಡೆ. 111111 ಹೀಗೆ ಒಡೆಯುವುದೇಕೆಂಬುದನ್ನೂ ನೋಡಬಹುದು. ಅದು 111ನ್ನು ಎರಡು ಸಲ ಪಕ್ಕಪಕ್ಕದಲ್ಲಿ ಬರೆದುದು. ಮೂರಂಕಿಯ ಯಾವ ಸಂಖ್ಯೆಯನ್ನಾದರೂ ಎರಡು ಸಲ ಪಕ್ಕಪಕ್ಕದಲ್ಲಿ ಬರೆದರೆ ಅದನ್ನು 1001ರಿಂದ ಗುಣಿಸಿದಂತೆ. 1001 ಎಂಬುದು 7, 11, 13ರ ಗುಣಲಬ್ಧ. 111 ಎಂಬುದು 3 ಮತ್ತು 37ರ ಗುಣಲಬ್ಧ. ಅಲ್ಲಿಗೆ ಐದು ಅವಿಭಾಜ್ಯಗಳೂ ದೊರೆತುವು.

ಇನ್ನು 111111ರ ವರ್ಗ ಏರಿ ಇಳಿಯುವುದೇಕೆ? ಗುಣಾಕಾರವನ್ನು ಪೂರ್ತಿಯಾಗಿ ಬರೆದರೆ ಕಣ್ಣಿಗೇ ಕಾಣುತ್ತದೆ. ಗುಣಕದ ಪ್ರತಿಯೊಂದು ಅಂಕಿಯೂ ಒಂದೇ ಆದುದರಿಂದ 111111 ಎಂಬ ಸಾಲನ್ನೇ ಆರು ಸಲ, ಪ್ರತಿಸಲವೂ ಒಂದು ಮನೆ ಎಡಕ್ಕೆ ಸರಿಸಿ, ಮೆಟ್ಟಿಲಿನಂತೆ ಬರೆಯುತ್ತೇವೆ. ಈಗ ಬಲತುದಿಯ ಕಂಬಸಾಲಿನಲ್ಲಿ ಒಂದೇ ಒಂದು 1 ಇರುತ್ತದೆ, ಅದರ ಎಡಕ್ಕೆ ಎರಡು, ಆಮೇಲೆ ಮೂರು. ನಡುವಿನ ಕಂಬಸಾಲಿನಲ್ಲಿ ಆರು ಸಾಲುಗಳೂ ಸೇರುವುದರಿಂದ ಆರು. ಅಲ್ಲಿಂದಾಚೆಗೆ ಬಲಗಡೆಯ ಸಾಲುಗಳು ಒಂದೊಂದಾಗಿ ಮುಗಿಯುತ್ತ, ಐದು, ನಾಲ್ಕು, ಮೂರು, ಎರಡು, ಒಂದು. ಗುಣಲಬ್ಧದ ಅಂಕಿಗಳು ಬೇರೇನೂ ಅಲ್ಲ, ಆಯಾ ಕಂಬಸಾಲಿನಲ್ಲಿರುವ ಒಂದುಗಳ ಎಣಿಕೆ. ಒಟ್ಟು ಒಂದುಗಳು ಆರು ಸಾಲುಗಳಲ್ಲಿ ಆರಾರು, ಎಂದರೆ ಮೂವತ್ತಾರು. ಆದುದರಿಂದ 12345654321ರ ಅಂಕಿಗಳನ್ನು ಕೂಡಿಸಿದರೆ ಮೂವತ್ತಾರೇ ಬರುತ್ತದೆ, ಕೂಡಿಸಿ ನೋಡಿರಿ.

ಈ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಎಷ್ಟು? ಒಂದೊಂದಾಗಿ ಹುಡುಕಿದರೆ ಆಯುಷ್ಯ ಸಾಲದು. ಆದರೆ ಅದು 3, 7, 11, 13, 37 ಈ ಐದು ಅವಿಭಾಜ್ಯಗಳ ವರ್ಗಗಳಿಂದ ಆಗಿದೆಯೆಂದು ಬಲ್ಲೆವು. ಭಾಜಕವೊಂದನ್ನು ಕಟ್ಟುವಾಗ ಪ್ರತಿಯೊಂದು ಅವಿಭಾಜ್ಯವನ್ನೂ ಬಿಡಬಹುದು, ಒಮ್ಮೆ ತೆಗೆದುಕೊಳ್ಳಬಹುದು, ಇಲ್ಲವೆ ಎರಡು ಸಲ ತೆಗೆದುಕೊಳ್ಳಬಹುದು. ಐದಕ್ಕೂ ಮೂರು ಮೂರು ಬಗೆ. ಮೂರನ್ನು ಐದು ಸಲ ಗುಣಿಸಿದರೆ 243. ಹೀಗೆ 243 ಭಾಜಕಗಳು. ಇದು ಬೆಸಸಂಖ್ಯೆಯಾಗಿರುವುದೂ ಆಕಸ್ಮಿಕವಲ್ಲ. ಭಾಜಕಗಳು ಸಾಮಾನ್ಯವಾಗಿ ಜೋಡಿಯಾಗಿ ಬರುತ್ತವೆ: 441ಕ್ಕೆ ಜೋಡಿ 27994681 ಇದ್ದಂತೆ. ಆದರೆ 111111ಕ್ಕೆ ಜೋಡಿ ಅದೇ. ಅದೊಂದು ಒಂಟಿಯಾಗಿ ಉಳಿಯುವುದರಿಂದ ಎಣಿಕೆ ಬೆಸವಾಗುತ್ತದೆ.

ಇಷ್ಟಾಗುವಾಗ ಮಕ್ಕಳು ತಾವಾಗಿಯೇ ಬೇರೆ ಬೇರೆ ಉದ್ದದ ಸಾಲುಗಳನ್ನು ವರ್ಗಮಾಡತೊಡಗಿದ್ದರು. 11ರ ವರ್ಗ 121. 111ರ ವರ್ಗ 12321. 1111ರ ವರ್ಗ 1234321. ಎಲ್ಲವೂ ಹಾರಗಳು. ಹಾರ ಹರಿದದ್ದನ್ನು ಮೊದಲು ಹೇಳಿದ ಆ ಹುಡುಗಿಯೇ ಎದ್ದು ಕೇಳಿದಳು: "ಯಾವಾಗಲೂ ಹಿಂಗ ಬರ್ತದೇನ್ರಿ ಸರ್?"

"ನಿನಗೇನು ತೋರುತ್ತದೆ?"

"ಇಲ್ಲೀತನಕ ಬಂದದ. ಮುಂದನೂ ಬರ್ಬೇಕಲ್ರಿ."

ತರಗತಿಯೆಲ್ಲ ಅವಳ ಪಕ್ಷ ವಹಿಸಿತು. ಐದಾರು ಸಲ ಕಂಡದ್ದು ಏಳನೆಯ ಸಲವೂ ಕಾಣುತ್ತದೆಂದು ನಂಬುವುದು ಮನುಷ್ಯಸ್ವಭಾವ. ಏಳು ಒಂದುಗಳಿಗೂ ಹಾರ ಬರುತ್ತದೆ. ಎಂಟಕ್ಕೂ ಬರುತ್ತದೆ. ಒಂಬತ್ತಕ್ಕೆ 12345678987654321 ಎಂಬ ಭರ್ಜರಿ ಹಾರವೇ ಬರುತ್ತದೆ. ಇಲ್ಲಿಗೆ ಒಂಬತ್ತು ಸಾಕ್ಷಿಗಳಾದುವು. ನ್ಯಾಯಸ್ಥಾನದಲ್ಲಿಯಾದರೆ ಇಷ್ಟು ಸಾಕ್ಷಿಗಳ ಮೇಲೆ ತೀರ್ಪು ಬಂದುಬಿಡುತ್ತಿತ್ತು. "ಹತ್ತು ಒಂದುಗಳನ್ನು ಬರೆದು ವರ್ಗಮಾಡಿರಿ" ಎಂದೆ.

ಹತ್ತು ಸಾಲುಗಳ ಮೆಟ್ಟಿಲನ್ನು ಬರೆಯಲು ನೋಟುಪುಸ್ತಕದ ಅಗಲ ಸಾಲದೆ ಕೆಲವರು ಪುಸ್ತಕವನ್ನು ಅಡ್ಡ ತಿರುಗಿಸಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಉತ್ತರ ಬಂದಿತು: 1234567900987654321. ಹಾರ ಹರಿದಿತ್ತು. ಈ ಸಲ ನಾನು ತಪ್ಪು ಬರೆದಿರಲಿಲ್ಲ. ಹುಡುಗಿಯೊಬ್ಬಳು ಅನುಮಾನದಿಂದ ಹಲಗೆಯ ಮೇಲಿನ ಒಂದುಗಳನ್ನು ಎಣಿಸಿಯೂ ನೋಡಿದಳು, ಹತ್ತೇ ಇದ್ದುವು.

ಕಾರಣ ಮೆಟ್ಟಿಲಿನಲ್ಲಿಯೇ ಇದೆ. ಹತ್ತು ಸಾಲುಗಳಿದ್ದಾಗ ನಡುವಿನ ಕಂಬಸಾಲಿನಲ್ಲಿ ಹತ್ತು ಒಂದುಗಳು ಸೇರುತ್ತವೆ. ಒಂದು ಸ್ಥಾನದಲ್ಲಿ ಒಂಬತ್ತಕ್ಕಿಂತ ಹೆಚ್ಚನ್ನು ಬರೆಯುವಂತಿಲ್ಲ. ಅಲ್ಲಿ ಸೊನ್ನೆ ಬರೆದು, ಒಂದು ದಶಕವನ್ನು ಎಡಕ್ಕೆ ಕೊಡಬೇಕು. ಎಡದಲ್ಲಿ ಮೊದಲೇ ಒಂಬತ್ತು ಇದೆ. ದಶಕ ಸೇರಿ ಅದೂ ಹತ್ತಾಗಿ, ಅಲ್ಲಿಯೂ ಸೊನ್ನೆ ನಿಂತು, ಮತ್ತೊಂದು ದಶಕ ಎಡಕ್ಕೆ ಸಾಗುತ್ತದೆ. ಅಲ್ಲಿದ್ದ ಎಂಟು ಒಂಬತ್ತಾಗುತ್ತದೆ. ಅದಕ್ಕೂ ಎಡಗಡೆಯ ಏಳು, ಆರು, ಐದು ಮೊದಲಾದುವಕ್ಕೆ ಏನೂ ತಗಲುವುದಿಲ್ಲ. ಹೀಗೆ ಎಡಭಾಗದಲ್ಲಿ 8 ಮಾಯವಾಗುತ್ತದೆ, ಏಳರ ಪಕ್ಕದಲ್ಲಿಯೇ ಒಂಬತ್ತು ಬಂದು ಕೂರುತ್ತದೆ. ಬಲಭಾಗ ಮಾತ್ರ ಮೊದಲಿನಂತೆಯೇ ಸುರಕ್ಷಿತವಾಗಿರುತ್ತದೆ.

ಈ ಎಂಟಿಲ್ಲದ ಸಾಲನ್ನು ನೀವು ಈಗಾಗಲೇ ಒಮ್ಮೆ ನೋಡಿದ್ದೀರಿ. ಒಂಬತ್ತರಿಂದ ಗುಣಿಸಿದರೆ 111111111 ಆಗುವ ಮಹಾವೀರನ 12345679ನ್ನು ಜ್ಞಾಪಿಸಿಕೊಳ್ಳಿರಿ. ಅದರಲ್ಲಿಯೂ 8 ಇಲ್ಲ. ಒಂಬತ್ತು ಒಂದುಗಳ ಸಾಲನ್ನು 9ರಿಂದ ಭಾಗಿಸುತ್ತ ಬನ್ನಿ. ಹನ್ನೊಂದರಲ್ಲಿ ಒಂಬತ್ತು ಒಂದು ಸಲ, ಶೇಷ ಎರಡು. ಮುಂದಿನ ಒಂದನ್ನು ಇಳಿಸಿಕೊಂಡರೆ ಇಪ್ಪತ್ತೊಂದು. ಎರಡು ಸಲ, ಶೇಷ ಮೂರು. ಮೂವತ್ತೊಂದು, ಮೂರು ಸಲ, ಶೇಷ ನಾಲ್ಕು. ಹೀಗೆಯೇ ಸಾಗಿ ಎಪ್ಪತ್ತೊಂದರಲ್ಲಿ ಏಳು ಸಲ, ಶೇಷ ಎಂಟು. ಈಗ ಎಂಬತ್ತೊಂದು. ಎಂಟು ಸಲ ಹೋಗಿ ಒಂಬತ್ತು ಉಳಿಯಿತೆಂದು ಬರೆಯಲು ಬರುವುದೇ? ಶೇಷವಾಗಿ ಒಂಬತ್ತು ಉಳಿದರೆ ಇನ್ನೊಂದು ಸಲ ಭಾಗಿಸಬಹುದು. ಆದುದರಿಂದ ಒಂಬತ್ತು ಸಲ ಪೂರ್ತಿ ಹೋಗಿ, ಶೇಷ ಸೊನ್ನೆಯಾಗುತ್ತದೆ. ಎಂಟಕ್ಕೆ ಸರದಿಯೇ ಬರಲಿಲ್ಲ.

ಮಹಾವೀರನು ತನ್ನ ಹಾರವನ್ನು ಆರಕ್ಕೇ ನಿಲ್ಲಿಸಿದ. ಒಂಬತ್ತರವರೆಗೆ ಹೋಗಬಹುದಾಗಿತ್ತು, ಹೋಗಲಿಲ್ಲ. ಆರು ಒಂದುಗಳ ಸಾಲು ಸಣ್ಣ ಸಣ್ಣ ಅವಿಭಾಜ್ಯಗಳಾಗಿ ಸೊಗಸಾಗಿ ಒಡೆಯುತ್ತದೆ. ಗುಣ್ಯ, ಗುಣಕಗಳನ್ನು ಮರೆಮಾಡಲು ಅನುಕೂಲ. ಏಳು ಒಂದುಗಳ ಸಾಲಾದರೋ 239 ಮತ್ತು 4649 ಎಂಬ ಎರಡೇ ಅವಿಭಾಜ್ಯಗಳಾಗಿ ಒಡೆಯುತ್ತದೆ. ಹಾರ ಕಟ್ಟುವವನಿಗೆ ಯಾವ ಮಣಿ ಚೆಂದವೆಂಬುದು ಗೊತ್ತಿರಬೇಕಷ್ಟೆ.

ದೊಡ್ಡ ಗುಣಾಕಾರವೆಂದೊಡನೆ ಬೆಂಗಳೂರಿನಲ್ಲಿ 1929ರಲ್ಲಿ ಹುಟ್ಟಿದ ಶಕುಂತಲಾ ದೇವಿಯವರ ನೆನಪಾಗದೆ ಇರದು. ಆಕೆಯ ತಂದೆ ಸರ್ಕಸ್ಸಿನಲ್ಲಿದ್ದವರು; ಆಕೆಗೆ ಕ್ರಮವಾದ ಶಾಲಾ ಶಿಕ್ಷಣ ದೊರೆಯಲಿಲ್ಲ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರಂಕಿಯ ಎರಡು ಸಂಖ್ಯೆಗಳನ್ನು ಆಕೆಯ ಮುಂದಿಟ್ಟರು: 7686369774870 ಮತ್ತು 2465099745779. ಆಕೆ ಮನಸ್ಸಿನಲ್ಲಿಯೇ ಗುಣಿಸಿ 18947668177995426462773730 ಎಂಬ ಉತ್ತರವನ್ನು 28 ಸೆಕೆಂಡುಗಳಲ್ಲಿ ಹೇಳಿದರು. 2013ರಲ್ಲಿ ಆಕೆ ತೀರಿಕೊಂಡರು. ಗಿನ್ನೆಸ್ ದಾಖಲೆಯ ಪ್ರಮಾಣಪತ್ರವು ಆಕೆಯ ಮಗಳ ಕೈಸೇರಿದ್ದು 2020ರಲ್ಲಿ. ಉತ್ತರಕ್ಕೆ ಇಪ್ಪತ್ತಾರು ಅಂಕಿಗಳು. ಮಹಾವೀರನ ಪಟ್ಟಿ ಇಪ್ಪತ್ತನಾಲ್ಕಕ್ಕೆ ಮುಗಿಯುವುದರಿಂದ ಎಡತುದಿಯ 1 ಮತ್ತು 8 ನಿಂತಿರುವ ಸ್ಥಾನಗಳಿಗೆ ಅವನಲ್ಲಿ ಹೆಸರೇ ಇಲ್ಲ.

ಈ ಉತ್ತರದಲ್ಲಿ ಹಾರವಿಲ್ಲ. ತಪ್ಪಾಗಿದ್ದರೆ ಕಣ್ಣಿಗೆ ಕಾಣುವಂತಿಲ್ಲ. ಆದರೂ ಅದನ್ನು ಹಾಗೆಯೇ ನಂಬಬೇಕಾಗಿಲ್ಲ. ಮೊದಲ ಸಂಖ್ಯೆಯ ಅಂಕಿಗಳ ಮೊತ್ತ 78. ಅದು 15 ಆಗಿ, 6 ಉಳಿಯುತ್ತದೆ. ಎರಡನೆಯದರ ಮೊತ್ತ 74. ಅದು 11 ಆಗಿ, 2 ಉಳಿಯುತ್ತದೆ. ಆರೆರಡಲೆ ಹನ್ನೆರಡು, ಅದರಿಂದ 3. ಉತ್ತರದ ಅಂಕಿಗಳ ಮೊತ್ತ 138. ಅದೂ 12 ಆಗಿ, 3 ಉಳಿಯುತ್ತದೆ. ಸರಿಹೋಯಿತು. ಅದಲುಬದಲಾದ ಅಂಕಿಗಳನ್ನು ಈ ಪರೀಕ್ಷೆ ಕಾಣದೆಂದು ಹೇಳಿದೆನಷ್ಟೆ. ಅದಕ್ಕೆ ಹನ್ನೊಂದರ ಪರೀಕ್ಷೆಯಿದೆ. ಬಲದಿಂದ ಮೊದಲನೆಯ ಅಂಕಿಯನ್ನು ಕೂಡಿಸಿ, ಎರಡನೆಯದನ್ನು ಕಳೆದು, ಮೂರನೆಯದನ್ನು ಕೂಡಿಸಿ, ಹೀಗೆ ಎಡತುದಿಯವರೆಗೆ ಹೋಗಬೇಕು. ಎರಡನೆಯ ಸಂಖ್ಯೆಗೆ ಹೀಗೆ ಮಾಡಿದರೆ ಸೊನ್ನೆ ಬರುತ್ತದೆ. ಆದುದರಿಂದ ಅದು 11ರಿಂದ ಭಾಗವಾಗುತ್ತದೆ. ಅಂದಮೇಲೆ ಉತ್ತರವೂ ಭಾಗವಾಗಬೇಕು. ಇಪ್ಪತ್ತಾರು ಅಂಕಿಗಳನ್ನು ಹೀಗೆ ಕೂಡಿಸಿ ಕಳೆದು ನೋಡಿದರೆ ಅಲ್ಲಿಯೂ ಸೊನ್ನೆಯೇ.

ಇದೇ ಪರೀಕ್ಷೆಯನ್ನು ನಮ್ಮ 27994681ಕ್ಕೆ ಮಾಡಿದರೂ ಸೊನ್ನೆ ಬರುತ್ತದೆ. ಅದರಲ್ಲಿ 11 ಅಡಗಿದೆಯಲ್ಲವೆ? ನಾನು ತಪ್ಪಾಗಿ ಬರೆದ 27994861ಕ್ಕೆ ಮಾಡಿದರೆ 4 ಬರುತ್ತದೆ. ಅಂದು ನನಗೆ ಈ ಮಾತು ಹೊಳೆದಿದ್ದರೆ ಮಕ್ಕಳಿಂದ ಎರಡು ಸಲ ಗುಣಾಕಾರ ಮಾಡಿಸುವ ಪ್ರಸಂಗ ಬರುತ್ತಿರಲಿಲ್ಲ.

ಗಂಟೆ ಬಾರಿಸಿತು. ಹುಡುಗರು ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟರು. ಆ ಹುಡುಗಿ ಬಾಗಿಲವರೆಗೆ ಹೋದವಳು ತಿರುಗಿ ಬಂದಳು. ಹತ್ತಾದ ಕೂಡಲೇ ಎಡಕ್ಕೆ ದಶಕ ಹೋಗುವುದರಿಂದಲ್ಲವೆ ಹಾರ ಹರಿದದ್ದು? ಹತ್ತರ ಬದಲು ನಮ್ಮ ಹಿರಿಯರು ಡಜನ್ನಿನ ಲೆಕ್ಕದಂತೆ ಹನ್ನೆರಡು ಹನ್ನೆರಡರ ಗುಂಪು ಮಾಡಿ ಸಂಖ್ಯೆ ಬರೆಯುತ್ತಿದ್ದರೆ, ಆಗ ಎಲ್ಲಿ ಹರಿಯುತ್ತಿತ್ತು ಎಂದು ಅವಳ ಪ್ರಶ್ನೆ.

"ನೀನೇ ಹೇಳು" ಎಂದೆ.

ಅವಳು ಬೆರಳುಗಳನ್ನು ಮಡಚುತ್ತ ಒಂದು ಕ್ಷಣ ನಿಂತಳು. "ಹನ್ನೊಂದರತನಕ ತಡೀತದ್ರಿ. ಹನ್ನೆರಡಕ್ಕ ಹರೀತದ" ಎಂದು ಹೇಳಿ, ಗೆಳತಿಯರು ಕೂಗುತ್ತಿದ್ದುದರಿಂದ ಓಡಿಹೋದಳು.